ಬಟ್ಟುವಿನ ತೂಕ

ಫೆಬ್ರವರಿ 9

ಮೊಂಡಿ,

ಮೊದಲೇ ಹೇಳಿಬಿಡುತ್ತೇನೆ, ನಾಯಿ ಬದುಕಿದೆ. ಈ ಸಾಲು ಓದಿ ಉಸಿರು ಬಿಡು, ಆಮೇಲೆ ಮುಂದಿನದು ಓದು.

ಹೋದ ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದೆ. ಬಟ್ಟು ಎಂದಿನ ಹಾಗೆ ಬಾಗಿಲ ಪಕ್ಕದ ದೊಡ್ಡ ಹಲಗೆ ತಕ್ಕಡಿಯ ಮೇಲೆ ಹೋಗಿ ಕೂತಿತು. ನಿನಗೆ ಗೊತ್ತಲ್ಲ, ಮರಿಯಾಗಿದ್ದಾಗಿಂದ ಅದಕ್ಕೆ ಅದೇ ಸಿಂಹಾಸನ. ತೂಕದ ಬಟ್ಟಿನ ಹಾಗೆ ಇಟ್ಟಲ್ಲೇ ಕೂರುತ್ತದೆ ಎಂದೇ ನೀನು ಆ ಹೆಸರಿಟ್ಟಿದ್ದು. ಮುಳ್ಳು ಇಪ್ಪತ್ತೆಂಟು ಕಿಲೋಗೆ ಬಂದು ನಿಂತಿತು. ಸರಿ, ತಕ್ಕಡಿ ಸರಿಯಾಗಿದೆ ಎಂದುಕೊಂಡು ನಾನು ರಿಪೇರಿಗೆ ಬಂದ ತಕ್ಕಡಿಗಳ ಮುಂದೆ ಕೂತೆ. ವರ್ಷಗಳಿಂದ ನಮ್ಮ ಅಂಗಡಿಯ ತಮಾಷೆಯೇ ಇದು. ನಾಯಿಯ ತೂಕ ಬದಲಾಗುವುದಿಲ್ಲ, ಕಬ್ಬಿಣದ ಬಟ್ಟುಗಳನ್ನು ಹೊತ್ತು ತಂದಿಟ್ಟು ನೋಡುವ ಕಷ್ಟ ಯಾರಿಗೆ ಬೇಕು?

ಅಷ್ಟರಲ್ಲಿ ಬೀದಿಯಲ್ಲಿ ಲಾರಿಯವನೊಬ್ಬ ಹಾರನ್ ಹೊಡೆದ. ನನ್ನ ಕಿವಿಗೇ ಕೇಳಿಸಿತು ಎಂದರೆ ಎಷ್ಟು ಜೋರಾಗಿತ್ತೋ ನೋಡು. ನಾಯಿ ಬೆಚ್ಚಿ ಹಾರಿತು. ಬಲ ಹಿಂಗಾಲು ಹಲಗೆಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿತು, ಮೈ ಮುಂದೆ ಹೋಯಿತು. ಅದು ಕೂಗಿದ್ದೂ ನನಗೆ ಕೇಳಿಸಿತು.

ಎದುರಂಗಡಿ ಟೈಲರ್ ಓಡಿ ಬಂದ. ಇಬ್ಬರೂ ಹೊತ್ತುಕೊಂಡು ಹೋದೆವು. ಡಾಕ್ಟರಮ್ಮ ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದರು: "ಮೊಣಕಾಲಿನ ಒಳಗೆ ಒಂದು ಹುರಿ ಇರುತ್ತೆ ಸಾರ್, ಮೂಳೆ ಜಾರದ ಹಾಗೆ ಹಿಡ್ಕೊಳ್ಳೋದು. ಅದು ಹರಿದುಹೋಗಿದೆ." ಮರುದಿನವೇ ಆಪರೇಷನ್ ಆಯಿತು. ಇನ್ನು ಎರಡು ತಿಂಗಳು ಮೆಟ್ಟಿಲು ಹತ್ತಬಾರದು, ಹಾರಬಾರದು, ಓಡಬಾರದು. ಹಾಗಾಗಿ ನನ್ನ ಹಾಸಿಗೆಯೂ ಮಹಡಿಯಿಂದ ಕೆಳಗೆ ಅಂಗಡಿಗೆ ಬಂದಿದೆ. ನಿನ್ನ ನಾಯಿ ನನಗಿಂತ ಚೆನ್ನಾಗಿ ಗೊರಕೆ ಹೊಡೆಯುತ್ತದಂತೆ, ಟೈಲರ್ ಹೇಳಿದ.

ನೀನು ಬೈಯುತ್ತೀಯ. ಬೈ.

ಅಪ್ಪ


ಮಾರ್ಚ್ 1

ಅಪ್ಪ,

ಹಡಗಿಗೆ ಸಾಮಾನಿನ ದೋಣಿ ಇವತ್ತು ಬಂತು, ನಿನ್ನ ಕಾಗದ ತಂದಿತು. ಬಟ್ಟುವಿಗೆ ಏಟು ಬಿದ್ದು ತಿಂಗಳಾಗುತ್ತಾ ಬಂದ ಮೇಲೆ ನನಗೆ ಗೊತ್ತಾಗುತ್ತಿದೆ. ಆ ಸಂದಿಗೆ ಒಂದು ಪಟ್ಟಿ ಹೊಡೆಸು ಎಂದು ಎಷ್ಟು ಸಲ ಬಡಕೊಂಡೆ ಹೇಳು! "ಇಷ್ಟು ವರ್ಷ ಏನೂ ಆಗಿಲ್ಲ, ಈಗೇನು ಆಗೋದು" ಎಂದೆ ನೀನು. ಆಯಿತಲ್ಲ.

ಹೊರಡುವ ದಿನ ನಾನೂ ಬಾಯಿಗೆ ಬಂದ ಹಾಗೆ ಮಾತಾಡಿದೆ, ಒಪ್ಪುತ್ತೇನೆ. ಯಾರಿಗೂ ಬೇಡವಾದ ಆ ತಕ್ಕಡಿಗಳ ಜೊತೆ ನೀನೂ ತುಕ್ಕು ಹಿಡಿ ಎಂದೆ. ಆದರೆ ಅದರ ಹಿಂದೆಯೇ ಇನ್ನೊಂದು ಮಾತನ್ನೂ ಹೇಳಿದ್ದೆ, ಬಟ್ಟುವನ್ನು ನೋಡಿಕೋ ಎಂದು. ಮೊದಲನೆಯದು ನಿನಗೆ ನೆನಪಿರುತ್ತದೆ, ಎರಡನೆಯದು ಇದೆಯೋ ಇಲ್ಲವೋ.

ಇಲ್ಲಿಂದ ಇಳಿದು ಬರಲು ದಾರಿ ಇಲ್ಲ. ಕೇಬಲ್ ಸಮುದ್ರದ ತಳಕ್ಕೆ ಇಳಿಯುತ್ತಾ ಇರುವಾಗ ಹಡಗು ನಿಲ್ಲುವ ಹಾಗಿಲ್ಲ. ಕೇಬಲ್ ತುಂಡುಗಳನ್ನು ಬೆಸೆಯುವ ಜೋಡಣೆಯ ಕೋಣೆಯಲ್ಲಿ ನಾವು ಇಬ್ಬರೇ, ಪಾಳಿ ಮೇಲೆ ಪಾಳಿ. ಜುಲೈ ಕೊನೆಗಿಂತ ಮುಂಚೆ ದಡ ಕಾಣುವುದಿಲ್ಲ. ಹಡಗಿನ ಫೋನಿನಲ್ಲಿ ಮಾತಾಡೋಣ ಎಂದರೆ ನಿನ್ನ "ಹಾಂ? ಏನಂದೆ?" ಕೇಳುವಷ್ಟರಲ್ಲಿ ಸರದಿ ಮುಗಿದುಹೋಗುತ್ತದೆ. ಅದಕ್ಕೇ ಬರೆ. ದೋಣಿ ಬರಲಿ ಬಿಡಲಿ, ಬರೆದು ಹಾಕುತ್ತಿರು. ಒಳ್ಳೆಯದನ್ನು ಮಾತ್ರ ಆರಿಸಿ ಬರೆಯಬೇಡ.

ನೆಲಕ್ಕೆ ಚಾಪೆ ಹಾಕು, ಕಾಲು ಜಾರುತ್ತದೆ. ಅವನ ಕಿವಿಯ ಹಿಂದೆ ಕೆರೆ, ನಾನೇ ಎಂದುಕೊಳ್ಳಲಿ.

ನಿನ್ನ ಮೊಂಡಿ


ಮಾರ್ಚ್ 22

ಮೊಂಡಿ,

ಚಾಪೆ ಹಾಕಿದ್ದೇನೆ. ಸಂದಿಗೆ ಪಟ್ಟಿಯನ್ನೂ ಹೊಡೆದಿದ್ದೇನೆ. ಕಿವಿಯ ಹಿಂದೆ ಕೆರೆದೂ ಆಯಿತು. ನೀನಲ್ಲ ಎಂದು ಅದಕ್ಕೆ ಚೆನ್ನಾಗಿ ಗೊತ್ತು, ಆದರೂ ಕೆರೆಸಿಕೊಳ್ಳುತ್ತದೆ.

ಈಗ ಕೇಳು, ನಿನ್ನ ಅಪ್ಪನ ತಲೆ ಇನ್ನೂ ತುಕ್ಕು ಹಿಡಿದಿಲ್ಲ. ಕುಂಟುತ್ತದೆ, ಸ್ವಲ್ಪ ಕಮ್ಮಿ ಕುಂಟುತ್ತದೆ ಎಂದೆಲ್ಲ ಬಾಯಿಮಾತಿನಲ್ಲಿ ಹೇಳಿದರೆ ನನಗೆ ಸಮಾಧಾನವಿಲ್ಲ. ಎರಡು ಚಿಕ್ಕ ಚಪ್ಪಟೆ ತಕ್ಕಡಿಗಳನ್ನು ಪಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಹಿಂಗಾಲು ಇರುವ ಹಾಗೆ ನಾಯಿಯನ್ನು ನಿಲ್ಲಿಸುತ್ತೇನೆ. ಮೊದಲ ವಾರ ಬಲಗಾಲು ತಕ್ಕಡಿಯನ್ನು ಮುಟ್ಟಿಯೂ ಮುಟ್ಟದ ಹಾಗಿತ್ತು, ಭಾರವೆಲ್ಲ ಎಡಕ್ಕೆ. ಆಮೇಲೆ ಬಲದ ಮುಳ್ಳು ದಿನಾ ಒಂದಿಷ್ಟು ಏರುತ್ತಾ ಬಂತು. ಮೊನ್ನೆ ಎರಡೂ ಮುಳ್ಳು ಸಮ! ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಕುಂಟುವುದೂ ನಿಂತಿದೆ, ನಿಧಾನವಾಗಿ ನೇರವಾಗಿ ನಡೆಯುತ್ತದೆ. ನಾನು ಚಪ್ಪಾಳೆ ಹೊಡೆದೆ, ನಿಜವಾಗಿಯೂ.

ಡಾಕ್ಟರಮ್ಮ ಈ ವಾರ ತೋರಿಸಲು ಹೇಳಿದ್ದರು. ಏನಕ್ಕೆ? ಸಮ ಎಂದರೆ ಸಮ. ಆ ಟೇಬಲ್ ಮೇಲೆ ಹತ್ತಿಸಿದರೆ ಅದು ನಡುಗುವುದನ್ನು ನೋಡಲಾಗುವುದಿಲ್ಲ, ಮುಂದಿನ ತಿಂಗಳು ಹೋದರಾಯಿತು. ಮೊಣಕಾಲಿನ ಹಿಂದೆ ಗುಂಡಗೆ ಗಟ್ಟಿಯಾಗಿ ಕೈಗೆ ಸಿಗುತ್ತದೆ, ಎರಡೂ ಕಡೆ. ಮಾಂಸ ತುಂಬಿಕೊಳ್ಳುತ್ತಿರಬೇಕು.

ನಮ್ಮ ದೊಡ್ಡ ಹಲಗೆ ತಕ್ಕಡಿಗೆ ಮಾತ್ರ ವಯಸ್ಸಾಯಿತು. ಅದಕ್ಕೊಂದು ಇಳಿಜಾರು ಹಲಗೆ ಇಟ್ಟಿದ್ದೇನೆ, ನಾಯಿ ಹಾರದೆ ನಡೆದುಕೊಂಡೇ ಹತ್ತುತ್ತದೆ. ಆದರೆ ತಕ್ಕಡಿ ಕಮ್ಮಿ ತೋರಿಸಲು ಶುರು ಮಾಡಿದೆ. ಎರಡು ಸಲ ಬಿಚ್ಚಿ ಮುಳ್ಳು ಸರಿಮಾಡಿ ಇಪ್ಪತ್ತೆಂಟಕ್ಕೆ ತಂದೆ, ಮತ್ತೆ ಇಳಿಯುತ್ತದೆ. ಸ್ಪ್ರಿಂಗ್ ಸೋತಿರಬೇಕು.

ಟೈಲರ್ ಒಬ್ಬ ಇದ್ದಾನಲ್ಲ, ಅವನಿಗೆ ಬೇರೆ ಕೆಲಸವಿಲ್ಲ. "ನಾಯಿ ಸೊರಗಿದೆ ಕಣಯ್ಯ, ನಾನು ಹೊಲಿದ ಕೋಟು ದೊಗಲೆ ಆಗಿದೆ" ಎಂದ. "ನಿನ್ನ ಟೇಪು ಎಳೆದ ಹಾಗೆ ಎಳೆಯುತ್ತೆ, ನನ್ನ ತಕ್ಕಡಿ ಸುಳ್ಳು ಹೇಳಲ್ಲ" ಎಂದು ಕಳಿಸಿದೆ.

ಗೆದ್ದ ಖುಷಿಯಲ್ಲಿರುವ
ಅಪ್ಪ


ಏಪ್ರಿಲ್ 6

ಅಪ್ಪ,

ದೋಣಿ ಅರ್ಧ ಗಂಟೆಯಲ್ಲಿ ಹೊರಡುತ್ತದೆ, ನಿಂತುಕೊಂಡೇ ಬರೆಯುತ್ತಿದ್ದೇನೆ.

ಮುಂಗಾಲುಗಳನ್ನು ತೂಕ ಹಾಕಿದೆಯಾ?

ಹಲಗೆ ತಕ್ಕಡಿ ರಿಪೇರಿ ಮಾಡಿದರೆ ನಾಲ್ಕು ಮೂಲೆಯಲ್ಲೂ ಭಾರ ಇಟ್ಟು ನೋಡಬೇಕು ಎಂದು ನನಗೆ ಕಲಿಸಿದವನು ನೀನು. ಒಂದು ಮೂಲೆ ಬಿಟ್ಟಿದ್ದಕ್ಕೆ ತಲೆ ಮೇಲೆ ಮೊಟಕಿದ್ದೆ, ನೆನಪಿದೆಯಾ? ಬಟ್ಟುವಿಗೆ ನಾಲ್ಕು ಕಾಲು, ನೀನು ನೋಡಿದ್ದು ಎರಡು. ಹಿಂಗಾಲು ಎರಡೂ ಸಮ ಆಗಿದ್ದು ಬಲಗಾಲು ವಾಸಿಯಾಗಿಯೋ, ಎಡಗಾಲೂ ಕೆಟ್ಟೋ? ಎರಡೂ ನೋಯುತ್ತಿದ್ದರೆ ಯಾವುದನ್ನು ಎತ್ತಿಕೊಂಡು ಕುಂಟುತ್ತಾನೆ ಹೇಳು!

ಇನ್ನೊಂದು. ದೊಡ್ಡ ತಕ್ಕಡಿಯ ಮುಳ್ಳು ಸರಿಮಾಡಿದೆ ಎಂದೆಯಲ್ಲ, ಕಬ್ಬಿಣದ ಬಟ್ಟುಗಳನ್ನಿಟ್ಟು ನೋಡಿ ಸರಿಮಾಡಿದೆಯಾ, ಇಲ್ಲ ನಾಯಿಯನ್ನು ಕೂರಿಸಿ ಸರಿಮಾಡಿದೆಯಾ? ನನಗೆ ಉತ್ತರ ಬರೆಯುವ ಮೊದಲು ಅವನನ್ನು ಕರೆದುಕೊಂಡು ಹೋಗು. ಈ ಕಾಗದವನ್ನು ಮಡಚಿಡುವ ಮೊದಲು ಹೋಗು.

ಮೊಂಡಿ


ಏಪ್ರಿಲ್ 24

ಮಗಳೇ,

ನೀನು ಬರೆದ ಹಾಗೆಯೇ ಮಾಡಿದೆ. ಹೊರಡುವ ಮೊದಲು ಮುಂಗಾಲುಗಳ ಕೆಳಗೆ ಚಿಕ್ಕ ತಕ್ಕಡಿಗಳನ್ನು ಇಟ್ಟೆ. ಮೈಯ ಭಾರವೆಲ್ಲ ಅಲ್ಲಿತ್ತು. ಹಿಂದೆ ಏನೂ ಇಲ್ಲ ಎನ್ನುವ ಹಾಗೆ ಮುಂಗಾಲಿನ ಮೇಲೆಯೇ ನಿಂತಿತ್ತು. ನಾಲ್ಕು ಕಾಲಿನದೂ ಕೂಡಿಸಿದೆ. ಇಪ್ಪತ್ತೊಂದು ಬಂತು. ಮತ್ತೆ ಕೂಡಿಸಿದೆ, ಅಷ್ಟೇ. ಆ ವಾರವಷ್ಟೇ ಮತ್ತೆ ಸರಿಮಾಡಿದ್ದ ದೊಡ್ಡ ತಕ್ಕಡಿಗೆ ಹತ್ತಿಸಿದರೆ ಇಪ್ಪತ್ತೆಂಟು ಎನ್ನುತ್ತದೆ.

ಒಳಗಿನಿಂದ ಕಬ್ಬಿಣದ ಬಟ್ಟುಗಳನ್ನು ಹೊತ್ತು ತಂದು ಇಟ್ಟೆ. ಇಪ್ಪತ್ತು ಕಿಲೋ ಇಟ್ಟರೆ ಇಪ್ಪತ್ತೇಳರ ಹತ್ತಿರ ತೋರಿಸಿತು. ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ ಕಣೇ. ತಕ್ಕಡಿ ಶುರುವಿನಿಂದ ನಿಜವನ್ನೇ ಹೇಳುತ್ತಿತ್ತು. ಅದು ನಿಜ ಹೇಳಿದಾಗಲೆಲ್ಲ ನಾನು ಬಿಚ್ಚಿ, ತಿರುಗಿಸಿ, ಬಾಯಿ ಮುಚ್ಚಿಸಿದೆ. ಗಿರಾಕಿ ಜಗಳಕ್ಕೆ ಬಂದರೆ ಮೊದಲು ತಕ್ಕಡಿಯನ್ನು ಅನುಮಾನಿಸು ಎಂದು ಕಲಿತ ಕೈ ಇದು. ನಾಯಿಯನ್ನು ಅನುಮಾನಿಸಬೇಕು ಎಂದು ಹೊಳೆಯಲೇ ಇಲ್ಲ.

ಡಾಕ್ಟರಮ್ಮ ಎಡ ಮೊಣಕಾಲನ್ನು ಮುಟ್ಟಿ ನೋಡಿ, ಅದರ ಹುರಿಯೂ ಹರಿದಿದೆ ಎಂದರು. ಒಂದು ಕಾಲು ಕೆಟ್ಟರೆ ಇನ್ನೊಂದರ ಮೇಲೆ ಭಾರ ಬಿದ್ದು ಅದೂ ಹೋಗುವುದು ಉಂಟಂತೆ. ಅಷ್ಟೇ ಆಗಿದ್ದರೆ ಮತ್ತೊಂದು ಆಪರೇಷನ್ ಎಂದುಕೊಳ್ಳಬಹುದಿತ್ತು. ಮೊಣಕಾಲಿನ ಹಿಂದಿನ ಗಂಟುಗಳ ಮೇಲೆ ಅವರ ಕೈ ನಿಂತಿತು. ಆಮೇಲೆ ಕತ್ತಿನ ಕೆಳಗೆ ನೋಡಿದರು, ಅಲ್ಲೂ ಇತ್ತು. ಸೂಜಿಯಿಂದ ತೆಗೆದು ಪರೀಕ್ಷೆಗೆ ಕಳಿಸಿದರು. ನಿನ್ನೆ ಹೇಳಿದರು. ಕ್ಯಾನ್ಸರ್. ರಕ್ತದಲ್ಲಿ, ಗಂಟುಗಳಲ್ಲಿ, ಎಲ್ಲ ಕಡೆ.

"ಮೊದಲೇ ತಂದಿದ್ದರೆ?" ಎಂದೆ. "ಸ್ವಲ್ಪ ಹೆಚ್ಚು ದಿನ ಸಿಗ್ತಿತ್ತು ಸಾರ್, ವಾಸಿ ಆಗ್ತಿರಲಿಲ್ಲ" ಎಂದರು. ನನ್ನ ಸಮಾಧಾನಕ್ಕೆ ಹೇಳಿದರೋ ಏನೋ. ಈ ಸ್ಥಿತಿಯಲ್ಲಿ ಕಾಲಿಗೆ ಕತ್ತಿ ಹಾಕುವುದಿಲ್ಲವಂತೆ. ಮಾತ್ರೆ ಕೊಟ್ಟಿದ್ದಾರೆ, ಗಂಟು ಇಳಿದು ಹಸಿವಾಗುತ್ತದೆ. "ನನ್ನ ಮಗಳು ಜುಲೈ ಕೊನೆಗೆ ಬರ್ತಾಳೆ, ಅಲ್ಲಿ ತನಕ?" ಎಂದು ಕೇಳಿದೆ. ಅವರು ಬಟ್ಟುವಿನ ತಲೆ ಸವರುತ್ತಾ ಇದ್ದರು. ನನಗೆ ಕೇಳಿಸಲಿಲ್ಲವೋ ಎಂದು ಮತ್ತೆ ಕೇಳಿದೆ. ಅವರು ಏನೂ ಹೇಳಿರಲಿಲ್ಲ.

ಒಳ್ಳೆಯದನ್ನು ಮಾತ್ರ ಆರಿಸಿ ಬರೆಯಬೇಡ ಎಂದು ನೀನು ಹೇಳಿದ್ದೆ. ಬರೆದಿದ್ದೇನೆ.

ಅಪ್ಪ


ಮೇ 10

ಅಪ್ಪ,

ನಿನ್ನ ಕಾಗದ ಓದಿ ಡೆಕ್ ಮೇಲೆ ಹೋಗಿ ಕೂಗಾಡಿದೆ. ನಿನ್ನ ಹೆಸರು ಹಿಡಿದೇ ಕೂಗಾಡಿದೆ. ಗಾಳಿಗೆ ಯಾರಿಗೂ ಕೇಳಿಸಲಿಲ್ಲ. ಎರಡು ತಿಂಗಳು ಅವನು ನಿನ್ನ ಕಣ್ಣೆದುರಿಗೇ ಕರಗುತ್ತಿದ್ದ. ಟೈಲರ್‌ಗೆ ಕಂಡಿತು! ನೀನು ಮುಳ್ಳು ನೋಡುತ್ತಿದ್ದೆ.

ಕ್ಯಾಪ್ಟನ್ ಹತ್ತಿರ ಹೋದೆ. ಸಾಮಾನಿನ ದೋಣಿಯಲ್ಲಿ ಕಳಿಸಿಕೊಡಿ ಎಂದೆ. ಜೋಡಣೆಯವಳು ಇಳಿದರೆ ಹಡಗೇ ನಿಲ್ಲುತ್ತದೆ, ನಾಯಿಗಾಗಿ ಹಡಗು ನಿಲ್ಲಿಸಲೇ ಎಂದು ಕೇಳಿದರು. ಕೆಟ್ಟ ಮನುಷ್ಯನಲ್ಲ. ನಾನು ಪಾಳಿಗೆ ವಾಪಸು ಹೋದೆ.

ನಾನು ಕೇಳುವುದು ಒಂದೇ. ನಾನು ಬರುವ ತನಕ ಅವನನ್ನು ಉಳಿಸು. ಏನಾದರೂ ಮಾಡು. ಅವನು ನನ್ನನ್ನು ನೋಡದೆ ಹೋಗಬಾರದು. ನಾನು ಹೊರಟ ದಿನ ಅವನು ಬಾಗಿಲಲ್ಲಿ ಕೂತಿದ್ದ, ನಿನ್ನ ಮೇಲಿನ ಸಿಟ್ಟಿನಲ್ಲಿ ನಾನು ಅವನನ್ನು ಮುಟ್ಟದೆ ಬಂದುಬಿಟ್ಟೆ. ಮಾತು ಕೊಡು ಅಪ್ಪ. ಬರೆದು ಕೊಡು.

ಮೊಂಡಿ


ಮೇ 29

ಮಗಳೇ,

ನೀನು ಕೂಗಾಡಿದ್ದು ಸರಿಯಾಗಿಯೇ ಇದೆ.

ಮಾತ್ರೆ ಹತ್ತಿದೆ. ಗಂಟುಗಳು ಇಳಿದಿವೆ, ಅನ್ನ ತಿನ್ನುತ್ತಾನೆ. ಟೈಲರ್ ದಪ್ಪ ಬಟ್ಟೆಯಲ್ಲಿ ಒಂದು ಪಟ್ಟಿ ಹೊಲಿದು ಕೊಟ್ಟಿದ್ದಾನೆ. ಹೊಟ್ಟೆಯ ಕೆಳಗೆ ಹಾಕಿ ಹಿಂಭಾಗವನ್ನು ನಾನು ಎತ್ತಿ ಹಿಡಿದರೆ ಅವನು ಮುಂಗಾಲಲ್ಲಿ ನಡೆಯುತ್ತಾನೆ. ಇಬ್ಬರೂ ಸೇರಿ ಒಂದು ಪ್ರಾಣಿ. ಬೀದಿಯ ಕೊನೆಯ ನಲ್ಲಿಯವರೆಗೆ ಹೋಗಿ ಬರುತ್ತೇವೆ. ಅಳತೆ ತಪ್ಪಿದ್ದರೆ ಹೇಳು ಎಂದ ಟೈಲರ್. ನಿನ್ನ ಟೇಪಿನ ವಿಷಯದಲ್ಲಿ ನಾನು ಇನ್ನು ಬಾಯಿ ತೆಗೆಯಲ್ಲಪ್ಪ ಎಂದೆ.

ದಿನಾ ಬೆಳಿಗ್ಗೆ ಆ ತಕ್ಕಡಿಯ ಮೇಲೆ ಹೋಗಬೇಕು ಅವನಿಗೆ. ಅದೇ ಅವನ ಕಾಲು ಕೆಡಿಸಿದ್ದು, ಆದರೂ ಅದೇ ಬೇಕು. ಕಬ್ಬಿಣದ ಬಟ್ಟು ಇಟ್ಟು ಮುಳ್ಳನ್ನು ಅದರ ಜಾಗಕ್ಕೆ ತಂದಿದ್ದೇನೆ. ಒಂದು ವಾರ ಹತ್ತೊಂಬತ್ತರಲ್ಲಿ ನಿಂತಿತ್ತು, ಬದುಕಿಬಿಟ್ಟ ಎಂದುಕೊಂಡೆ. ಮತ್ತೆ ಇಳಿಯುತ್ತಿದೆ. ನೋಡಲಾರದೆ ಮುಳ್ಳಿನ ಮೇಲೆ ಟವೆಲ್ ಹಾಕಿದೆ. ಮಾರನೆಯ ದಿನ ನಾನೇ ತೆಗೆದೆ. ಒಮ್ಮೆ ಕಣ್ಣು ಮುಚ್ಚಿಕೊಂಡಿದ್ದು ಸಾಕು.

ಕೆಲವು ಬೆಳಿಗ್ಗೆ ಬಾಲ ಅಲ್ಲಾಡಿಸುತ್ತಾನೆ. ಕೆಲವು ಬೆಳಿಗ್ಗೆ ಎತ್ತಲು ಹೋದರೆ ಹಲ್ಲು ಕಚ್ಚಿಕೊಂಡು ನಡುಗುತ್ತಾನೆ, ನನ್ನನ್ನು ಕಚ್ಚುವುದಿಲ್ಲ. ಡಾಕ್ಟರಮ್ಮ ಹೇಳಿದರು, "ಇನ್ನು ಮುಂದೆ ನೀವು ನೋಡ್ಬೇಕಾಗಿರೋದು ಎಷ್ಟು ದಿನ ಅಂತಲ್ಲ ಸಾರ್, ಎಂಥ ದಿನ ಅಂತ."

ನೀನು ಮಾತು ಕೊಡು ಎಂದಿದ್ದೆ. ಎರಡು ಸಲ ಬರೆದು ಹರಿದೆ. ಕೊಡಲಾರೆ ಮಗಳೇ. ನನ್ನ ಕೈಲಾದದ್ದನ್ನೆಲ್ಲ ಮಾಡುತ್ತೇನೆ, ಆದರೆ ಜುಲೈ ತನಕ ಎಂದು ಬರೆದುಕೊಟ್ಟರೆ ಆ ಕಾಗದಕ್ಕೋಸ್ಕರ ಅವನನ್ನು ಹಿಂಸೆ ಮಾಡಿಬಿಡುತ್ತೇನೆ ಎಂದು ಹೆದರಿಕೆ. ನೀನೇ ಏನಾದರೂ ಹೇಳು. ಬೇಗ ಹೇಳು.

ಅಪ್ಪ


ಜೂನ್ 14

ಅಪ್ಪ,

ನಿನ್ನ ಕಾಗದ ಕೈಗೆ ಬಂದು ಮೂರು ದಿನವಾಯಿತು. ಬಂದ ದೋಣಿ ಹೋಯಿತು, ಉತ್ತರ ಬರೆಯಲಿಲ್ಲ. ನೀನು ಮಾತು ಕೊಡಲಿಲ್ಲವೆಂದು ಸಿಟ್ಟು. ಇವತ್ತು ಪಕ್ಕದಲ್ಲಿ ಹಾದುಹೋಗುವ ಇನ್ನೊಂದು ಹಡಗಿನ ಕೈಗೆ ಇದನ್ನು ಕೊಡುತ್ತಿದ್ದೇನೆ. ಯಾವಾಗ ತಲುಪುತ್ತದೋ.

ಮಧ್ಯಾಹ್ನ ಒಂದು ಜೋಡಣೆ ಮಾಡುತ್ತಿದ್ದೆ. ಕೈ ಸುಮ್ಮನೆ ಕೆಲಸ ಮಾಡುತ್ತಿತ್ತು, ತಲೆಯಲ್ಲಿ ಮಾತ್ರ ನೀನು ಬರೆದ ಒಂದೇ ಸಾಲು. ನಡುಗುತ್ತಾನೆ, ಕಚ್ಚುವುದಿಲ್ಲ. ಅವನು ಕಚ್ಚಬೇಕಿತ್ತು ಅಪ್ಪ. ನನ್ನನ್ನು ಕಚ್ಚಬೇಕಿತ್ತು. ನಾನು ಮುಟ್ಟದೆ ಬಂದಿದ್ದಕ್ಕೆ ಅವನು ಯಾಕೆ ನಡುಗುತ್ತಾ ಕಾಯಬೇಕು?

ನನಗಾಗಿ ಕಾಯಬೇಡ. ಯಾವ ಬೆಳಿಗ್ಗೆ ಅವನಿಗೆ ಸಾಕು ಎನಿಸುತ್ತದೋ ಆ ಬೆಳಿಗ್ಗೆ ಕರೆದುಕೊಂಡು ಹೋಗು. ನನ್ನನ್ನು ಕೇಳಬೇಡ. ನೀನು ಪಕ್ಕದಲ್ಲಿರು, ಬಾಗಿಲ ಹೊರಗೆ ನಿಲ್ಲಬೇಡ. ಕಿವಿಯ ಹಿಂದೆ ಕೈ ಇಟ್ಟಿರು. ನೀನೇ ಎಂದು ಅವನಿಗೆ ಗೊತ್ತಿರಲಿ, ನಾನೆಂದು ನಟಿಸುವುದು ಬೇಡ.

ಬೈದದ್ದೆಲ್ಲ ಬೈದದ್ದೇ. ಅದನ್ನು ಬಂದ ಮೇಲೆ ಎದುರೆದುರು ಮುಗಿಸೋಣ.

ನಿನ್ನ ಮೊಂಡಿ


ಜೂನ್ 23

ಮಗಳೇ,

ದೋಣಿಯ ಅಂಚೆ ಬಂದಾಗ ನಿನ್ನ ಕಾಗದವಿರಲಿಲ್ಲ. ಮುಂದಿನದರಲ್ಲಿ ಇದ್ದೀತು ಎಂದು ಕಾದೆ. ದಿನಾ ಬಾಗಿಲಲ್ಲೇ ಕೂತಿರುತ್ತಿದ್ದೆ, ಅಂಚೆಯವನು ದೂರದಿಂದಲೇ ತಲೆ ಅಲ್ಲಾಡಿಸಿ ಹೋಗುತ್ತಿದ್ದ.

ನಿನ್ನೆ ಬೆಳಿಗ್ಗೆ ಪಟ್ಟಿ ಹಾಕಿ ಎತ್ತಲು ಹೋದೆ. ಬಟ್ಟು ಏಳಲಿಲ್ಲ. "ಬಾರೋ, ನಿನ್ನ ಕುರ್ಚಿ ಖಾಲಿ ಇದೆ" ಎಂದು ತಕ್ಕಡಿಯನ್ನು ತಟ್ಟಿದೆ. ಅದರ ಕಡೆ ಒಮ್ಮೆ ನೋಡಿದ, ಆಮೇಲೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಬೆರಳಲ್ಲಿ ನೀರು ಹಚ್ಚಿದೆ, ನೆಕ್ಕಲಿಲ್ಲ. ಇಷ್ಟು ವರ್ಷದಲ್ಲಿ ಅವನು ಆ ತಕ್ಕಡಿಯನ್ನು ಬೇಡ ಎಂದದ್ದು ಅದೇ ಮೊದಲು. ನನಗೆ ಅರ್ಥವಾಯಿತು. ನಿನ್ನನ್ನು ಕೇಳಬೇಕಿತ್ತು. ನಿನ್ನನ್ನು ಕೇಳುವಷ್ಟು ಹೊತ್ತು ಅವನ ಹತ್ತಿರ ಇರಲಿಲ್ಲ, ಇದ್ದಿದ್ದರೂ ಅದನ್ನು ಅವನಿಂದ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಟೈಲರ್ ಗಾಡಿ ತರುತ್ತೇನೆ ಎಂದ. ಬೇಡ ಎಂದು ಎತ್ತಿಕೊಂಡೇ ಹೋದೆ. ನಲ್ಲಿ ದಾಟುವಾಗ ತಲೆ ಎತ್ತಿ ಮೂಸಿದ. ಅಲ್ಲಿ ಸ್ವಲ್ಪ ಹೊತ್ತು ನಿಂತೆ.

ಡಾಕ್ಟರಮ್ಮ ನೋಡಿದ ಕೂಡಲೇ ಟೇಬಲ್ ಮೇಲೆ ಬಟ್ಟೆ ಹಾಸಿದರು. ಸೂಜಿ ತುಂಬುವ ಮೊದಲು, "ತೂಕ ನೋಡ್ಬೇಕು ಸಾರ್, ಅದರ ಮೇಲೆ ಔಷಧಿ" ಎಂದು ಅವರ ಕರೆಂಟು ತಕ್ಕಡಿಯನ್ನು ತೋರಿಸಿದರು. "ಹದಿನಾರೂವರೆ" ಎಂದೆ. "ಒಂದ್ಸಲ ಇಟ್ಟುಬಿಡಿ ಸಾರ್, ತಪ್ಪಬಾರದು" ಎಂದರು. ಇಟ್ಟೆ. ಹದಿನಾರೂವರೆ. ಅವರು ನನ್ನ ಮುಖ ನೋಡಿದರು. ಇದರಲ್ಲಿ ಜಾಣತನವೇನೂ ಇಲ್ಲ ಮಗಳೇ. ದಿನಾ ಎತ್ತಿಕೊಂಡು ಓಡಾಡಿದ ಕೈಗೆ ಗೊತ್ತಿತ್ತು. ಮೊದಲಿನಿಂದಲೂ ಎತ್ತಿಕೊಂಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು.

ನಾನು ಪಕ್ಕದಲ್ಲೇ ಇದ್ದೆ. ಕಿವಿಯ ಹಿಂದೆ ಕೆರೆಯುತ್ತಿದ್ದೆ. ಅವನಿಗೆ ನಿನ್ನ ಹೆಸರನ್ನೂ ಹೇಳಿದೆ, ಕೇಳಿಸಿಕೊಂಡ. ಬೇಗ ಆಗಿಹೋಯಿತು. ನಾನು ಡಾಕ್ಟರಮ್ಮನ ಎದುರಿಗೇ ಅತ್ತೆ. ಅವರು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹೋದರು.

ನೀನು ಕೇಳಿದ್ದು ಒಂದೇ, ಅದನ್ನು ನಡೆಸಿಕೊಡಲಿಲ್ಲ. ಕಾಗದದಲ್ಲಿ ಬೈದರೂ ಸರಿ, ಬಂದು ಬೈದರೂ ಸರಿ. ಬರದೆ ಮಾತ್ರ ಇರಬೇಡ.

ಅಪ್ಪ

ಇಷ್ಟು ಬರೆದು ಸಹಿ ಹಾಕುತ್ತಿದ್ದೆ, ಅಂಚೆಯವನು ಒಳಗೇ ಬಂದು ನಿನ್ನ ಕಾಗದ ಕೊಟ್ಟ. ಮೇಲೆ ಯಾವುದೋ ಬೇರೆ ಹಡಗಿನ ಮುದ್ರೆ. ಕಾಯು ಎಂದಿದ್ದೀಯೋ, ಬೇಡ ಎಂದಿದ್ದೀಯೋ, ನನಗೆ ಗೊತ್ತಿಲ್ಲ. ಒಡೆಯಲು ಕೈ ಹೋಯಿತು, ತಡೆದೆ. ಅದನ್ನು ಓದಿದ ಮೇಲೆ ನಾನು ಬರೆದಿಟ್ಟದ್ದರಲ್ಲಿ ಒಂದು ಅಕ್ಷರ ತಿದ್ದಿದರೂ ಅದು ಮತ್ತೆ ಮುಳ್ಳು ಸರಿಮಾಡಿದ ಹಾಗೆಯೇ. ಮಾಡಿದ್ದು ನಾನು, ನಿನ್ನನ್ನು ಕೇಳದೆ ಮಾಡಿದ್ದೇನೆ. ಅದು ಹಾಗೆಯೇ ನಿನಗೆ ತಲುಪಲಿ. ನಿನ್ನ ಕಾಗದವನ್ನು ಅವನ ತಕ್ಕಡಿಯ ಮೇಲೆ ಇಟ್ಟಿದ್ದೇನೆ. ಮೊದಲು ನನ್ನ ಈ ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿ ಬರುತ್ತೇನೆ, ಆಮೇಲೆ ಒಡೆದು ಓದುತ್ತೇನೆ.